ಅರವತ್ತಾರರಲ್ಲಿ ಫ್ರೆಂಚ್ ಪರೀಕ್ಷೆ

ಪರೀಕ್ಷೆ ಎಂಬುದು ಅಧ್ಯಾಪಕನ ಪಾಲಿಗೆ ಸದಾ ಇನ್ನೊಬ್ಬರು ಬರೆಯುವ ಸಂಗತಿ. ಪ್ರಶ್ನೆಪತ್ರಿಕೆ ತಯಾರಿಸುವುದು, ಕೊಠಡಿಯಲ್ಲಿ ಮೇಲ್ವಿಚಾರಕನಾಗಿ ಅಡ್ಡಾಡುವುದು, ಬೇಸಿಗೆಯ ಸೆಕೆಯಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಕಟ್ಟುಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದುವುದು, ಇಷ್ಟರಲ್ಲೇ ನನ್ನ ಮೂವತ್ತಮೂರು ವರ್ಷಗಳ ವೃತ್ತಿಜೀವನ ಕಳೆಯಿತು. 1984ರಲ್ಲಿ ಬಿ.ಎಡ್. ಪರೀಕ್ಷೆ ಬರೆದ ಮೇಲೆ ಪರೀಕ್ಷಾರ್ಥಿಯ ಬೆಂಚಿನಲ್ಲಿ ನಾನು ಕುಳಿತಿರಲಿಲ್ಲ. ಆ ಬೆಂಚು ಮತ್ತೆ ಸಿಕ್ಕಿದ್ದು 2025ರಲ್ಲಿ, ನನ್ನ ಅರವತ್ತಾರನೆಯ ವಯಸ್ಸಿನಲ್ಲಿ. ಅದೂ ಫ್ರೆಂಚ್ ಭಾಷೆಯ ಪರೀಕ್ಷೆಗೆ!

ಬೆಳಗಿನ ವಾಯುವಿಹಾರದ ಗೆಳೆಯರಿಗೆ ಇದು ಬಹಳ ದಿನಗಳ ತಮಾಷೆಯ ವಿಷಯವಾಯಿತು. "ಮೇಷ್ಟ್ರೇ, ಈ ವಯಸ್ಸಿನಲ್ಲಿ ಯಾವ ಕೆಲಸಕ್ಕೆ ಅರ್ಜಿ ಹಾಕ್ತೀರಿ?" ಎಂದರೊಬ್ಬರು. "ಅರುವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳಿದ್ದಾರೆಯೇ" ಎಂದರು ಇನ್ನೊಬ್ಬರು. ಕಲಿಯುವ ಆಸೆ ಸರಿ, ಆದರೆ ಸರ್ಟಿಫಿಕೇಟು ಏಕೆ ಎಂಬ ಪ್ರಶ್ನೆಯನ್ನು ಮಾತ್ರ ಅವರೆಲ್ಲರೂ ಗಂಭೀರವಾಗಿಯೇ ಕೇಳಿದರು. ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರಿಸಲು ಸಾಧ್ಯವಿರಲಿಲ್ಲ. ಈ ಬರಹವೇ ಆ ಉತ್ತರ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಕನ್ನಡ ಮೇಷ್ಟ್ರು. ನಮ್ಮ ವೃತ್ತಿಯವರಿಗೆ ಫ್ರೆಂಚ್ ಎಂಬ ಹೆಸರು ಕಿವಿಗೆ ಅಷ್ಟೇನೂ ಹಿತವಾದದ್ದಲ್ಲ. ಹತ್ತನೆಯ ತರಗತಿಯವರೆಗೆ ಸೊಗಸಾಗಿ ಕನ್ನಡ ಬರೆಯುತ್ತಿದ್ದ ಮಕ್ಕಳು ಪಿ.ಯು.ಸಿ.ಗೆ ಹೋದೊಡನೆ "ಸಾರ್, ಫ್ರೆಂಚ್ ತಗೊಂಡೆ, ಸ್ಕೋರಿಂಗ್ ಸಬ್ಜೆಕ್ಟು" ಎಂದು ನಗುತ್ತಾ ಹೇಳುವುದನ್ನು ಎಷ್ಟೋ ವರ್ಷ ಕೇಳಿದ್ದೇನೆ. ಎರಡು ವರ್ಷ ಓದಿ, ನೂರಕ್ಕೆ ತೊಂಬತ್ತರ ಮೇಲೆ ಅಂಕ ಪಡೆದು, ಒಂದು ಲೋಟ ನೀರು ಕೊಡಿ ಎಂದು ಆ ಭಾಷೆಯಲ್ಲಿ ಕೇಳಲಾರದವರನ್ನೂ ಕಂಡಿದ್ದೇನೆ. ಆ ಅಸಮಾಧಾನ ನನಗೆ ಆಗಲೂ ಇತ್ತು, ಈಗಲೂ ಇದೆ. ಅದು ಅಂಕದ ಬೇಟೆಯ ಮೇಲಿನ ಅಸಮಾಧಾನವೇ ಹೊರತು ಆ ಭಾಷೆಯ ಮೇಲಿನದಲ್ಲ. ಯಾವ ಭಾಷೆಯೂ ತಾನಾಗಿ ಬಂದು ಕನ್ನಡದ ತರಗತಿಯನ್ನು ಖಾಲಿ ಮಾಡುವುದಿಲ್ಲ.

ನನ್ನ ಮಗಳು, ಅಳಿಯ 2019ರಿಂದ ಫ್ರಾನ್ಸಿನ ತೂಲೂಸ್ ನಗರದಲ್ಲಿದ್ದಾರೆ. ಗರೋನ್ ನದಿಯ ದಂಡೆಯ ಊರು. ಕಟ್ಟಡಗಳೆಲ್ಲ ಕೆಂಪು ಇಟ್ಟಿಗೆಯವು. ಸಂಜೆಯ ಬಿಸಿಲಿಗೆ ಗುಲಾಬಿಯಾಗಿ ಕಾಣುವುದರಿಂದ ಅದಕ್ಕೆ ಗುಲಾಬಿ ನಗರವೆಂದೇ ಹೆಸರು. ಏರ್‌ಬಸ್ ವಿಮಾನ ಸಂಸ್ಥೆಯ ಕೇಂದ್ರ ಅಲ್ಲಿರುವುದರಿಂದ ನಮ್ಮ ಕಡೆಯ ಇಂಜಿನಿಯರುಗಳೂ ಸಾಕಷ್ಟು ಮಂದಿ ಇದ್ದಾರೆ. 2023ರಲ್ಲಿ ನಾನೂ ನನ್ನ ಶ್ರೀಮತಿಯೂ ವೀಸಾ ಅನುಮತಿಸುವ ತೊಂಬತ್ತು ದಿನಗಳಿಗೆ ಅಲ್ಲಿಗೆ ಹೋಗಿದ್ದೆವು. ಆ ದೇಶದಲ್ಲಿ 2019ರಿಂದ ಮೂರು ವರ್ಷ ತುಂಬಿದ ಮಗುವಿಗೆ ಶಾಲೆ ಕಡ್ಡಾಯ. ಆಗ ಐದು ವರ್ಷದವಳಾಗಿದ್ದ ಮೊಮ್ಮಗಳು ಎರಡು ವರ್ಷಗಳಿಂದ ಶಾಲೆಗೆ ಹೋಗಿ ಅಲ್ಲಿನ ಮಕ್ಕಳಂತೆಯೇ ಫ್ರೆಂಚ್ ಮಾತನಾಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳನ್ನು ಕರೆತರಲು ಮಗಳೊಡನೆ ನಾನೂ ಶಾಲೆಯ ಬಾಗಿಲಿಗೆ ಹೋದೆ. ಅಧ್ಯಾಪಕಿ ಹೊರಬಂದು ಮಗಳಿಗೆ ಏನನ್ನೋ ಹೇಳತೊಡಗಿದರು. ಮಗಳು ನಸುನಕ್ಕು ತಲೆಯಾಡಿಸುತ್ತಿದ್ದಳು. ಅವಳಿಗೆ ಅರ್ಥವಾಗುತ್ತಿಲ್ಲವೆಂಬುದು ಅಪ್ಪನಾದ ನನಗೆ ಗೊತ್ತಾಯಿತು, ಅಧ್ಯಾಪಕಿಗೂ ಗೊತ್ತಾಯಿತು. ಅವರು ಬಗ್ಗಿ ಮಗುವಿಗೆ ಹೇಳಿದರು. ಮಗು ತಾಯಿಯ ಕಡೆ ತಿರುಗಿ, "ಅಮ್ಮಾ, ನಾನು ಊಟದ ಹೊತ್ತಲ್ಲಿ ಯಾರ ಜೊತೆಗೂ ಮಾತಾಡಲ್ವಂತೆ, ನೀನು ಬಂದು ಮಾತಾಡಬೇಕಂತೆ" ಎಂದಿತು. ತನ್ನ ವಿಷಯದ ದೂರನ್ನು ತಾನೇ ತಾಯಿಗೆ ಅನುವಾದಿಸಿ ಹೇಳುವ ಸ್ಥಿತಿ ಐದು ವರ್ಷದ ಮಗುವಿಗೆ! ಮೂವತ್ತಮೂರು ವರ್ಷ ಪೋಷಕರ ಸಭೆಗಳನ್ನು ನಡೆಸಿದವನು ನಾನು. ಓದುಬರಹ ಬಾರದ ತಂದೆತಾಯಿಗಳು ಬಾಗಿಲ ಹೊರಗೇ ನಿಂತು, ಮಗನನ್ನು ಮುಂದೆ ಬಿಟ್ಟು "ನೀನೇ ಕೇಳಪ್ಪ" ಎನ್ನುತ್ತಿದ್ದುದನ್ನು ನೋಡಿದವನು. ಇಂಜಿನಿಯರಿಂಗ್ ಪದವೀಧರೆಯಾದ ನನ್ನ ಮಗಳು ಆ ದಿನ ಅವರ ಜಾಗದಲ್ಲಿ ನಿಂತಿದ್ದಳು.

ಅಳಿಯನ ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಅಂಗಡಿಯಲ್ಲಿ ನಾಲ್ಕು ಮಾತು ಸಾಕು. ಮನೆಗೆಲಸ, ಮಗುವಿನ ಪಾಲನೆಯ ನಡುವೆ ಮಗಳಿಗೆ ತರಗತಿಗೆ ಹೋಗಲು ಪುರುಸೊತ್ತೂ ಇರಲಿಲ್ಲ, ಧೈರ್ಯವೂ ಉಳಿದಿರಲಿಲ್ಲ. "ಅಪ್ಪಾ, ನನಗೆ ಇನ್ನು ಬರಲ್ಲ, ಬಿಡಿ" ಎಂದುಬಿಟ್ಟಳು. ಅಧ್ಯಾಪಕನೆದುರು ಯಾರೂ ಆಡಬಾರದ ಮಾತು ಅದು. "ನಾನೂ ಕಲಿಯುತ್ತೇನೆ, ನೀನೂ ಕಲಿ, ಇಬ್ಬರೂ ಒಂದೇ ಪರೀಕ್ಷೆ ಬರೆಯೋಣ, ಯಾರಿಗೆ ಹೆಚ್ಚು ಬರುತ್ತದೋ ನೋಡೋಣ" ಎಂದೆ. ಪರೀಕ್ಷೆಯ ಯೋಚನೆ ಹುಟ್ಟಿದ್ದು ಹೀಗೆ.

ಈ ಪರೀಕ್ಷೆಯ ಹೆಸರು ಡೆಲ್ಫ್. ಫ್ರೆಂಚ್ ಭಾಷಾಧ್ಯಯನದ ಡಿಪ್ಲೊಮಾ ಎಂದು ಅರ್ಥ. 1985ರಲ್ಲಿ ಆರಂಭವಾದ ಇದನ್ನು ಫ್ರಾನ್ಸಿನ ಶಿಕ್ಷಣ ಸಚಿವಾಲಯವೇ ನೀಡುತ್ತದೆ. ಯೂರೋಪ್ ಮಂಡಳಿಯು 2001ರಲ್ಲಿ ಭಾಷಾಕಲಿಕೆಯನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲುಗಳಾಗಿ ವಿಂಗಡಿಸಿತು; 2005ರಲ್ಲಿ ಈ ಪರೀಕ್ಷೆಯನ್ನೂ ಅದಕ್ಕೆ ಹೊಂದಿಸಿದರು. ಮೊದಲ ನಾಲ್ಕು ಮೆಟ್ಟಿಲುಗಳದ್ದು ಡೆಲ್ಫ್, ಮೇಲಿನ ಎರಡರದ್ದು ಡಾಲ್ಫ್. ಕೆಳಗಿನದನ್ನು ಬರೆಯದೆ ನೇರವಾಗಿ ಮೇಲಿನದಕ್ಕೆ ಕೂರಬಹುದು. ಒಮ್ಮೆ ತೇರ್ಗಡೆಯಾದರೆ ಜೀವನಪರ್ಯಂತ ಮಾನ್ಯ. ಇಂಥವೇ ಆದ ಟಿ.ಸಿ.ಎಫ್., ಟಿ.ಇ.ಎಫ್. ಪರೀಕ್ಷೆಗಳ ಫಲಿತಾಂಶಕ್ಕೆ ಎರಡೇ ವರ್ಷದ ಆಯುಷ್ಯ. ಅರವತ್ತು ದಾಟಿದವನಿಗೆ ಈ ಜೀವನಪರ್ಯಂತ ಎಂಬ ಮಾತು ಸ್ವಲ್ಪ ನಗು ತರಿಸಿತಾದರೂ, ಆಯ್ಕೆ ಸುಲಭವಾಯಿತು.

ಇದನ್ನೆಲ್ಲ ನಿರ್ವಹಿಸುವ ಸಂಸ್ಥೆ ಪ್ಯಾರಿಸ್ ಬಳಿಯ ಸೆವ್ರ್ ಎಂಬ ಊರಿನಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಪಿಂಗಾಣಿ ಕಾರ್ಖಾನೆಯಾಗಿದ್ದ ಕಟ್ಟಡ. 1881ರಿಂದ ಅಧ್ಯಾಪಕಿಯರನ್ನು ತಯಾರು ಮಾಡುವ ವಿದ್ಯಾಲಯವಾಯಿತು. 1900ರಿಂದ ಕೆಲವು ವರ್ಷ ಮೇರಿ ಕ್ಯೂರಿ ಅಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದರು. ನಮ್ಮ ಬಿ.ಎಡ್. ಕಾಲೇಜಿನ ಬಂಧುವೊಂದು ಅಲ್ಲಿದೆಯೆಂದು ತಿಳಿದು ನನಗೆ ಒಂದು ಬಗೆಯ ಆತ್ಮೀಯತೆ ಹುಟ್ಟಿತು.

ಬೆಂಗಳೂರಿನಲ್ಲಿ ಈ ಪರೀಕ್ಷೆಯ ಕೇಂದ್ರ ವಸಂತನಗರದ ಅಲಯಾನ್ಸ್ ಫ್ರಾನ್ಸೇಸ್. 1883ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಂಸ್ಥೆಯ ಶಾಖೆ ಅದು. 2023ರ ಕೊನೆಯಲ್ಲಿ ಅಲ್ಲಿ ವಾರಾಂತ್ಯದ ತರಗತಿಗೆ ಸೇರಿದೆ. ನೋಂದಣಿಯ ಸಾಲಿನಲ್ಲಿ ನನ್ನ ಹಿಂದಿದ್ದ ತಾಯಿಯೊಬ್ಬರು, "ಮೊಮ್ಮಗನದ್ದಾ ಅಂಕಲ್?" ಎಂದು ವಿಚಾರಿಸಿದರು. "ಇಲ್ಲಮ್ಮ, ತಾತನದ್ದೇ" ಎಂದೆ. ತರಗತಿಯಲ್ಲಿದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ಕೆಲವರಿಗೆ ಕೆನಡಾದ ಕ್ವಿಬೆಕ್ ಪ್ರಾಂತಕ್ಕೆ ಹೋಗುವ ಆಸೆ. ಕೆಲವರಿಗೆ ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಓದುವ ಹಂಬಲ.

ಕನ್ನಡ ಮೇಷ್ಟ್ರಿಗೆ ಫ್ರೆಂಚ್ ಕಲಿಯುವಾಗ ನೆರವಿಗೆ ಬಂದದ್ದು ಯಾವುದು ಗೊತ್ತೇ? ನಮ್ಮ ಸಂಧಿ ಪ್ರಕರಣ! ತರಗತಿಯ ಹುಡುಗರು "ಬರೆಯುವುದೊಂದು, ಓದುವುದೊಂದು" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಾಗ ನನಗೆ ಕೇಶಿರಾಜನೇ ಪಕ್ಕದಲ್ಲಿ ಕುಳಿತಂತಿತ್ತು. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದರೆ ಉಕಾರ ಲೋಪವಾಗಿ 'ಊರಲ್ಲಿ' ಆಗುತ್ತದಷ್ಟೆ. ಫ್ರೆಂಚಿನಲ್ಲಿ 'ಲ' ಎಂಬುದಕ್ಕೆ 'ಅಮಿ', ಅಂದರೆ ಗೆಳೆಯ, ಸೇರಿದರೆ ಸ್ವರ ಬಿದ್ದುಹೋಗಿ 'ಲಮಿ'. ಇದು ಲೋಪ. ನಮ್ಮಲ್ಲಿ 'ಮನೆ' ಮತ್ತು 'ಅನ್ನು' ನಡುವೆ ಯಕಾರ ಬರುವಂತೆ, ಅವರಲ್ಲಿ 'ಆ' ಮತ್ತು 'ಇಲ್' ಎಂಬೆರಡು ಸ್ವರಗಳು ಎದುರಾದಾಗ ನಡುವೆ ಒಂದು ತಕಾರ ಬಂದು 'ಆತಿಲ್' ಎಂದಾಗುತ್ತದೆ. ಆ ತಕಾರಕ್ಕೆ ಸ್ವಂತ ಅರ್ಥವೇನೂ ಇಲ್ಲ. ಇದು ಆಗಮ. 'ಮಳೆ' ಮತ್ತು 'ಕಾಲ' ಸೇರಿ 'ಮಳೆಗಾಲ' ಆಗುವಂತೆ, ಹಿರಿಯ ಎಂಬರ್ಥದ ಪದದ ಕೊನೆಯಲ್ಲಿ ಬರೆದಿರುವ ದಕಾರವು ಮುಂದೆ ಸ್ವರ ಬಂದಾಗ ತಕಾರವಾಗಿ ಕೇಳಿಸುತ್ತದೆ. ಇದು ಆದೇಶ. ಏಳು ಸಾಗರಗಳಾಚೆಯ ಬಾಯಿಗೂ ನಮ್ಮ ಬಾಯಿಗೂ ಅನುಕೂಲ ಶಾಸ್ತ್ರ ಒಂದೇ ಎಂದು ತಿಳಿದು ಬಹಳ ಸಂತೋಷವಾಯಿತು. ಇದನ್ನು ವೀಡಿಯೊ ಕರೆಯಲ್ಲಿ ಮಗಳಿಗೆ ವಿವರಿಸಿದಾಗ, "ಅಪ್ಪಾ, ಎಂಟನೇ ಕ್ಲಾಸಿನ ವ್ಯಾಕರಣ ಇಲ್ಲಿಗೂ ಬಂತಾ!" ಎಂದು ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗು ಅದು.

ಎಲ್ಲವೂ ಹೀಗೆ ಸಲೀಸಾಗಿರಲಿಲ್ಲ. ಕನ್ನಡದಲ್ಲಿ ಮೇಜು, ಪುಸ್ತಕ, ಕಿಟಕಿ ಎಲ್ಲವೂ ನಪುಂಸಕ ಲಿಂಗ. ಅರ್ಥವೇ ಲಿಂಗವನ್ನು ನಿರ್ಧರಿಸುತ್ತದೆ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಕಿಟಕಿ ಮತ್ತೆ ಹೆಣ್ಣು. ಕಾರಣ ಕೇಳುವಂತಿಲ್ಲ, ಕಂಠಪಾಠವೊಂದೇ ದಾರಿ. ಅಂಕಿಗಳಂತೂ ಇನ್ನೊಂದು ಲೋಕ. ಎಪ್ಪತ್ತೆಂದರೆ ಅರವತ್ತು ಹತ್ತು. ಎಂಬತ್ತೆಂದರೆ ನಾಲ್ಕು ಇಪ್ಪತ್ತು. ತೊಂಬತ್ತೊಂಬತ್ತೆಂದರೆ ನಾಲ್ಕು ಇಪ್ಪತ್ತು ಹತ್ತೊಂಬತ್ತು. ದೂರವಾಣಿ ಸಂಖ್ಯೆ ಕೇಳಿ ಬರೆದುಕೊಳ್ಳುವಾಗ ನಾಲ್ಕು ಎಂದು ಬರೆದ ಕೈ ಇಪ್ಪತ್ತು ಕೇಳಿಸಿದೊಡನೆ ಎಂಟಕ್ಕೆ ತಿದ್ದಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಕೇಳುವಿಕೆ. ಪರೀಕ್ಷೆ ನಾಲ್ಕು ಭಾಗಗಳದ್ದು: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು. ಪ್ರತಿಯೊಂದಕ್ಕೂ 25 ಅಂಕ, ಒಟ್ಟು 100. ತೇರ್ಗಡೆಗೆ 50 ಸಾಕು. ಆದರೆ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದ ಮೂರರಲ್ಲಿ ಎಷ್ಟೇ ಬಂದರೂ ಅನುತ್ತೀರ್ಣ. ನನ್ನ ಎಡಗಿವಿ ನಿವೃತ್ತಿಗೂ ಮೊದಲೇ ಮಂದವಾಗಿದೆ. ಧ್ವನಿಮುದ್ರಿಕೆಯನ್ನು ಎರಡೇ ಬಾರಿ ಕೇಳಿಸುತ್ತಾರೆ. ಎದುರಿಗೆ ಮುಖವಿಲ್ಲ, ತುಟಿಯ ಚಲನೆಯಿಲ್ಲ. ಆದ್ದರಿಂದ ಪ್ರತಿದಿನ ಬೆಳಗ್ಗೆ ಫ್ರಾನ್ಸಿನ ಅಂತಾರಾಷ್ಟ್ರೀಯ ರೇಡಿಯೊದ 'ಸುಲಭ ಫ್ರೆಂಚಿನಲ್ಲಿ ವಾರ್ತೆ' ಎಂಬ ಹತ್ತು ನಿಮಿಷದ ಕಾರ್ಯಕ್ರಮವನ್ನು ಮೂರು ಸಲ ಕೇಳುವ ನಿಯಮ ಹಾಕಿಕೊಂಡೆ. ಮೊದಲು ಬರೀ ಕೇಳುವುದು, ಎರಡನೆಯ ಸಲ ಅಂತರ್ಜಾಲದಲ್ಲಿ ಅವರೇ ಕೊಡುವ ಪಠ್ಯವನ್ನು ನೋಡುತ್ತಾ ಕೇಳುವುದು, ಮೂರನೆಯ ಸಲ ಮತ್ತೆ ಪಠ್ಯವಿಲ್ಲದೆ. ಭಾಷೆ ಕಲಿಯುವ ಯಾರಿಗಾದರೂ ನಾನು ಧೈರ್ಯವಾಗಿ ಹೇಳಬಲ್ಲ ಉಪಾಯ ಇದೊಂದೇ. ಮೊದಲ ತಿಂಗಳು ಊರುಗಳ ಹೆಸರಷ್ಟೇ ಕೇಳಿಸುತ್ತಿತ್ತು. ಆರನೆಯ ತಿಂಗಳಿಗೆ ವಾಕ್ಯಗಳು ಕೇಳಿಸತೊಡಗಿದವು.

ಮಗಳೂ ಹಾಗೆಯೇ ಮಾಡಿದಳು. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಮಗು ಶಾಲೆಗೆ ಹೋದ ಮೇಲೆ ಅವಳು ಕರೆಯುತ್ತಿದ್ದಳು; ಇಲ್ಲಿ ನನ್ನ ಮಧ್ಯಾಹ್ನದ ಊಟದ ಹೊತ್ತು. ಈ ನಡುವೆ ಅಲ್ಲಿನ ಸರ್ಕಾರ 2024ರ ಜನವರಿಯಲ್ಲಿ ಹೊಸ ವಲಸೆ ಕಾನೂನು ತಂದಿತು. ಅದರಂತೆ 2026ರ ಜನವರಿ 1ರಿಂದ ಹತ್ತು ವರ್ಷದ ನಿವಾಸಪತ್ರಕ್ಕೆ ಎ2 ಬದಲು ಬಿ1 ಮಟ್ಟ ಬೇಕು, ಪೌರತ್ವಕ್ಕೆ ಬಿ1 ಬದಲು ಬಿ2. ತಮಾಷೆಯಾಗಿ ಆರಂಭವಾದ ಪಂದ್ಯ ಮಗಳ ಪಾಲಿಗೆ ಅಗತ್ಯವಾಗಿ ಪರಿಣಮಿಸಿತು. ಬಿ1 ಪರೀಕ್ಷೆಯನ್ನೇ ಬರೆಯುವುದೆಂದು ಇಬ್ಬರೂ ನಿಶ್ಚಯಿಸಿದೆವು.

2025ರಲ್ಲಿ ನಾನು ಪರೀಕ್ಷೆಗೆ ಕುಳಿತೆ. ಕೇಳುವಿಕೆಗೆ 25 ನಿಮಿಷ, ಓದಿಗೆ 45, ಕನಿಷ್ಠ 160 ಪದಗಳ ಬರವಣಿಗೆಗೆ 45. ಮೌಖಿಕ ಪರೀಕ್ಷೆ ಬೇರೆ. ಅದರಲ್ಲಿ ಮೂರು ಹಂತ: ಸ್ವಪರಿಚಯ, ಒಂದು ಸನ್ನಿವೇಶದ ಸಂಭಾಷಣೆ, ಕೊನೆಗೆ ಹತ್ತು ನಿಮಿಷ ತಯಾರಿ ಮಾಡಿಕೊಂಡು ಬಂದ ವಿಷಯದ ಮೇಲೆ ಸ್ವಂತ ಅಭಿಪ್ರಾಯ. ಸಂಭಾಷಣೆಯಲ್ಲಿ ಪರೀಕ್ಷಕಿ ನನ್ನ ಗೆಳತಿಯಂತೆ, ನಾನು ಅವರನ್ನು ಪ್ರವಾಸಕ್ಕೆ ಒಪ್ಪಿಸಬೇಕಂತೆ. ಫ್ರೆಂಚಿನಲ್ಲೂ ನಮ್ಮಂತೆಯೇ ನೀನು, ನೀವು ಎಂಬ ಭೇದವಿದೆ: 'ತ್ಯು' ಮತ್ತು 'ವು'. ಗೆಳತಿಯಾದ್ದರಿಂದ ನೀನು ಎನ್ನಲೇಬೇಕು. ಅಧಿಕಾರದ ಕುರ್ಚಿಯಲ್ಲಿ ಕುಳಿತ ಅಪರಿಚಿತ ಹೆಣ್ಣುಮಗಳನ್ನು ನಾನು ಜನ್ಮದಲ್ಲಿ ಏಕವಚನದಲ್ಲಿ ಮಾತನಾಡಿಸಿದವನಲ್ಲ. ನಾಲಿಗೆ ಹಿಂಜರಿಯಿತು. ಮನಸ್ಸಿನಲ್ಲೇ ಕ್ಷಮೆ ಕೇಳಿ, ನೀನು ಎಂದೆ. ಕೊನೆಯ ಹಂತಕ್ಕೆ ಬಂದ ವಿಷಯ, ಶಾಲೆಗಳಲ್ಲಿ ಕೈಬರಹ ಉಳಿಯಬೇಕೇ ಎಂಬುದು. ನನ್ನ ಭಾಗ್ಯ! ಸ್ಲೇಟಿನ ಮೇಲೆ ಅಕ್ಷರ ತಿದ್ದುವ ವಿಷಯ ಹೇಳಹೊರಟರೆ ಬಳಪಕ್ಕೆ ಫ್ರೆಂಚ್ ಪದ ತಿಳಿಯದು. ಕಲ್ಲಿನ ಪೆನ್ಸಿಲು ಎಂದು ಬಿಡಿಸಿ ಹೇಳಿದೆ. ಪರೀಕ್ಷಕಿ ನಕ್ಕು ಏನನ್ನೋ ಬರೆದುಕೊಂಡರು.

ಫಲಿತಾಂಶ ಬಂತು. ಕೇಳುವಿಕೆ 10, ಓದು 22, ಬರವಣಿಗೆ 16.5, ಮಾತು 18. ಒಟ್ಟು 66.5. ಮೊದಲಿಗೆ ತಾತ್ಕಾಲಿಕ ಪತ್ರ, ಕೆಲವು ತಿಂಗಳ ನಂತರ ಡಿಪ್ಲೊಮಾ. ತೂಲೂಸಿನಲ್ಲಿ ಬರೆದ ಮಗಳಿಗೆ 74. ಪಂದ್ಯದಲ್ಲಿ ಸೋತದ್ದಕ್ಕೆ ಇಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಆ ವರ್ಷ ಮೊಮ್ಮಗಳ ಶಾಲೆಯ ಪೋಷಕರ ಸಭೆಗೆ ಅವಳೊಬ್ಬಳೇ ಹೋಗಿ ಅಧ್ಯಾಪಕಿಯೊಡನೆ ಇಪ್ಪತ್ತು ನಿಮಿಷ ಮಾತನಾಡಿ ಬಂದಳು. ಮಗು ಹೊರಗೆ ಆಟವಾಡುತ್ತಿತ್ತಂತೆ. ಸರ್ಟಿಫಿಕೇಟು ಏಕೆ ಎಂದು ಕೇಳಿದ ಗೆಳೆಯರಿಗೆ ನನ್ನ ಮೊದಲ ಉತ್ತರ ಇದು. ಸುಮ್ಮನೆ ಕಲಿಯೋಣ ಎಂದಿದ್ದರೆ ನಾವಿಬ್ಬರೂ ಮೂರನೆಯ ತಿಂಗಳಿಗೆ ಬಿಟ್ಟುಬಿಡುತ್ತಿದ್ದೆವು. ದಿನಾಂಕ ಗೊತ್ತಾದ ಪರೀಕ್ಷೆ ನಮ್ಮನ್ನು ಬಿಡಲಿಲ್ಲ.

ಎರಡನೆಯ ಉತ್ತರ ಸ್ವಲ್ಪ ದೊಡ್ಡದು. ತೂಲೂಸಿನ ಮೆಟ್ರೊ ರೈಲಿನಲ್ಲಿ ನಿಲ್ದಾಣದ ಹೆಸರನ್ನು ಎರಡು ಸಲ ಕೂಗುತ್ತಾರೆ. ಎರಡನೆಯದು ಒಕ್ಸಿತಾನ್ ಭಾಷೆಯಲ್ಲಿ. ಅದು ದಕ್ಷಿಣ ಫ್ರಾನ್ಸಿನ ಜನರ ಮೂಲ ನುಡಿ. 1323ರಲ್ಲಿಯೇ ಅದೇ ಊರಿನಲ್ಲಿ ಆ ಭಾಷೆಯ ಕಾವ್ಯಕ್ಕೆ ಬಹುಮಾನ ಕೊಡಲೆಂದು ಸಭೆಯೊಂದು ಹುಟ್ಟಿತ್ತು. ಆ ನುಡಿಯ ಕವಿ ಮಿಸ್ತ್ರಾಲ್‌ಗೆ 1904ರಲ್ಲಿ ನೊಬೆಲ್ ಬಹುಮಾನ ಬಂದಿತ್ತು. ಆದರೂ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಶಾಲೆಗಳಲ್ಲಿ ಅದನ್ನು ಆಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದರು, ಅವಮಾನಿಸುತ್ತಿದ್ದರು. ಅದರ ಬೋಧನೆಗೆ ಕಾನೂನಿನ ಅನುಮತಿ ದೊರೆತದ್ದು 1951ರಲ್ಲಿ. ಅಷ್ಟರಲ್ಲಿ ಒಂದೆರಡು ತಲೆಮಾರು ತಮ್ಮ ಮಕ್ಕಳೊಡನೆ ಅದನ್ನು ಆಡುವುದನ್ನೇ ನಿಲ್ಲಿಸಿತ್ತು. ಶಾಲೆ ಬೇಡವೆಂದ ಭಾಷೆಯನ್ನು ಮನೆಯೂ ಬಿಟ್ಟಿತು. ಇಂದು ಫ್ರೆಂಚ್ ಇಷ್ಟು ವ್ಯವಸ್ಥಿತವಾಗಿ ಜಗತ್ತಿನೆದುರು ನಿಂತಿರುವುದರ ಹಿಂದೆ ಈ ನೋವಿನ ಅಧ್ಯಾಯವೂ ಇದೆ. ಶಿಕ್ಷೆಯನ್ನು ಅವರಿಂದ ಕಲಿಯುವುದು ಬೇಡ. ವ್ಯವಸ್ಥೆಯನ್ನು ಕಲಿಯಬಹುದು.

ನಮ್ಮಲ್ಲೂ ಪರೀಕ್ಷೆಗಳಿಲ್ಲವೆಂದಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಸುಂದರ ಹೆಸರುಗಳ ಪರೀಕ್ಷೆಗಳನ್ನು ನಡೆಸುತ್ತಾ ಬಂದಿದೆ. ಅವು ಮುಖ್ಯವಾಗಿ ಸಾಹಿತ್ಯದ, ವ್ಯಾಕರಣದ ಪರೀಕ್ಷೆಗಳು. ನಮ್ಮ ಶಾಲೆಯ ಪರೀಕ್ಷೆಯೂ ಬರವಣಿಗೆಯದೇ. ಆಂತರಿಕ ಮೌಲ್ಯಮಾಪನದಲ್ಲಿ ಮಾತಿಗೆ ಒಂದಿಷ್ಟು ಜಾಗವಿದ್ದರೂ, ಅದು ಹೇಗೆ ನಡೆಯುತ್ತದೆಂಬುದು ಒಳಗಿನವರಿಗೆಲ್ಲ ಗೊತ್ತು. ಕೇಳಿ ಅರ್ಥಮಾಡಿಕೊಳ್ಳುವುದಕ್ಕೂ ಮಾತನಾಡುವುದಕ್ಕೂ ಓದುಬರಹದಷ್ಟೇ ತೂಕವಿರುವ, ಬೆಂಗಳೂರಿಗೆ ಬಂದ ಬಿಹಾರದ ಯುವಕನೂ ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳೂ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದಾದ ಕನ್ನಡದ ಪರೀಕ್ಷೆಯೊಂದು ಎಲ್ಲರ ಕೈಗೆಟಕುವಂತೆ ಬರಬೇಕೆಂಬುದು ನನ್ನ ಆಸೆ. ಕಲಿತೆ ಎಂದು ತೋರಿಸಿಕೊಳ್ಳಲು ಒಂದು ಕಾಗದ ಸಿಗುವುದಾದರೆ, ಕಲಿಯಲು ಬರುವವರು ಖಂಡಿತ ಇದ್ದಾರೆ.

ಅದು ಬರುವವರೆಗೆ ಸುಮ್ಮನಿರಲಾಗದೆ, ಮೊಮ್ಮಗಳಿಗಾಗಿ ನಾನೇ ಒಂದು ಪ್ರಶ್ನೆಪತ್ರಿಕೆ ತಯಾರಿಸಿದೆ. 'ಕನ್ನಡ ಅ1' ಎಂದು ಹೆಸರಿಟ್ಟೆ. ಅದೇ ನಾಲ್ಕು ಭಾಗ, ಭಾಗಕ್ಕೆ 25 ಅಂಕ. ಅಜ್ಜಿ ಹೇಳಿದ ಕಥೆ ಕೇಳಿ ಉತ್ತರಿಸುವುದು, ಬಸ್ಸಿನ ಬೋರ್ಡು ಓದುವುದು, ತನ್ನ ಹೆಸರು, ಊರು ಬರೆಯುವುದು, ಅಂಗಡಿಯವನ ಬಳಿ ಬಾಳೆಹಣ್ಣು ಕೇಳುವುದು. ಕಳೆದ ಬೇಸಿಗೆ ರಜೆಯಲ್ಲಿ ವೀಡಿಯೊ ಕರೆಯಲ್ಲಿ ಪರೀಕ್ಷೆ ನಡೆಯಿತು. ಅಂಗಡಿಯವನು ನಾನೇ. "ಡಜನ್ನಿಗೆ ಎಂಬತ್ತು ರೂಪಾಯಿ" ಎಂದೆ. "ತಾತಾ, ಎಂಬತ್ತು ಅಂದರೆ ನಾಲ್ಕು ಇಪ್ಪತ್ತಾ?" ಎಂದು ಕೇಳಿ, ಸ್ವಲ್ಪ ಯೋಚಿಸಿ, "ಜಾಸ್ತಿ ಆಯಿತು, ಅರವತ್ತಕ್ಕೆ ಕೊಡಿ" ಎಂದಳು. ಮಾತಿಗೆ ಪೂರ್ತಿ 25 ಕೊಟ್ಟೆ. ಬರವಣಿಗೆಯಲ್ಲಿ ಒತ್ತಕ್ಷರ ಇನ್ನೂ ತಿದ್ದಬೇಕು.